ದುರ್ಯೋಧನನ ಪಾತ್ರ ಕೇಳಿದವಳ ಬಹಿರಂಗ ಪತ್ರ

ಇವರಿಗೆ,
ಮೈಸೂರು ಮತ್ತು ಮಂಡ್ಯ ಸೀಮೆಯ ಪೌರಾಣಿಕ ನಾಟಕ ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು, ಹಾರ್ಮೋನಿಯಂ ಮೇಷ್ಟ್ರುಗಳು. ಹಾಗೂ ಈ ನಾಟಕಗಳಿಗೆ ಸರ್ಕಾರದ ಧನಸಹಾಯ ಮಂಜೂರು ಮಾಡುವ ಅಧಿಕಾರಿಗಳು.

ವಿಷಯ: ಪೌರಾಣಿಕ ನಾಟಕಗಳ ಗಂಡು ಪಾತ್ರಗಳನ್ನು ಹೆಂಗಸರಿಗೆ ಕೊಡದಿರುವ ರೂಢಿ, ರಂಗನಟಿ ಆರ್. ನಾಗರತ್ನಮ್ಮನವರ ಜನ್ಮಶತಮಾನದ ಸಂದರ್ಭದಲ್ಲಿ ಒಂದು ಅಹವಾಲು.

ಸನ್ಮಾನ್ಯರೇ,

ನಾನು ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ, 32 ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ, ನಿವೃತ್ತಿಯ ನಂತರ ಮೈಸೂರಿನಲ್ಲಿ ನೆಲೆಸಿರುವವಳು. ನನ್ನ ಅವ್ವ ತಮ್ಮಂಥ ಸಂಘಗಳು ಆಡುವ ಪೌರಾಣಿಕ ನಾಟಕಗಳಲ್ಲಿ 28 ವರ್ಷ ಹೆಣ್ಣು ಪಾತ್ರ ಮಾಡಿದವಳು. ದ್ರೌಪದಿ, ಕುಂತಿ, ರುಕ್ಮಿಣಿ, ಭಾನುಮತಿ, ಉತ್ತರೆ. ಕೆಲವು ರಾತ್ರಿ ಇವರಲ್ಲಿ ಇಬ್ಬರು ಮೂವರನ್ನು ಸೀರೆ ಬದಲಿಸಿಕೊಂಡು ಒಬ್ಬಳೇ ನಿಭಾಯಿಸಿದ್ದೂ ಉಂಟು. ಈ ಪತ್ರವನ್ನು ನಾನು ಒಂದು ಸಂಘಕ್ಕೆ ಖಾಸಗಿಯಾಗಿ ಬರೆಯಬಹುದಿತ್ತು. ಬರೆದೆ ಕೂಡ, ಉತ್ತರ ಬರಲಿಲ್ಲ. ಆ ಸಂಘದ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ಅವರು ನನಗೆ ಹೇಳಿದ ಮಾತು ಅವರೊಬ್ಬರದೇ ಅಲ್ಲವೆಂಬುದು ಆಮೇಲೆ ನಾಲ್ಕು ಕಡೆ ವಿಚಾರಿಸಿದಾಗ ನನಗೆ ಖಚಿತವಾಯಿತು.

ನಡೆದದ್ದು ಇಷ್ಟು. ಕಳೆದ ವರ್ಷ ಆ ಸಂಘದವರು ಕುರುಕ್ಷೇತ್ರ ನಾಟಕ ಕಲಿಯಲು ಹೊರಟಿದ್ದಾರೆಂದು ತಿಳಿದು, ಪಾತ್ರ ಹಂಚುವ ದಿನ ನಾನೂ ಹೋಗಿ ಕುಳಿತೆ. ಪಾತ್ರಕ್ಕೆ ದುಡ್ಡು ಕಟ್ಟುವ ಪದ್ಧತಿಯನ್ನು ತಮಗೆ ವಿವರಿಸಬೇಕಾಗಿಲ್ಲ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಕರ್ಣನಿಗೆ ಇಷ್ಟು ಎಂದು ಗೊತ್ತು ಮಾಡಿ, ಕೂಡಿದ ಹಣದಲ್ಲಿ ಡ್ರಾಮಾ ಸೀನರಿ, ಹಾರ್ಮೋನಿಯಂ ಮೇಷ್ಟ್ರು, ತಬಲ, ಮೈಕು, ಶಾಮಿಯಾನ, ಹೊರಗಿನಿಂದ ಕರೆಸುವ ನಟಿಯರ ಸಂಭಾವನೆ ಎಲ್ಲವನ್ನೂ ತೂಗಿಸುತ್ತೀರಿ. ಕಬ್ಬಿನ ದುಡ್ಡು ಕೈಗೆ ಬರುವುದು ತಡವಾದರೆ ಸಾಲ ಮಾಡಿಯಾದರೂ ಪಾತ್ರದ ಬಾಬ್ತು ಕಟ್ಟುವ ರೈತರನ್ನು ನಾನು ಬಲ್ಲೆ. ಅವರಿಂದಲೇ ಈ ಸೀಮೆಯಲ್ಲಿ ನಾಟಕ ಉಳಿದಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಾನು ದುರ್ಯೋಧನನ ಪಾತ್ರಕ್ಕೆ 40,000 ರೂಪಾಯಿ ಕಟ್ಟುತ್ತೇನೆಂದೆ. ಅಲ್ಲಿ ಅದಕ್ಕಿಂತ ಹೆಚ್ಚು ಕೂಗಿದವರು ಯಾರೂ ಇರಲಿಲ್ಲ. ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ಆಮೇಲೆ ಕಾರ್ಯದರ್ಶಿಗಳು, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ, ಮರ್ಯಾದೆ ತಪ್ಪದೆಯೇ ಹೇಳಿದರು: “ಟೀಚರಮ್ಮ, ನೀವು ಬೇಕಾದ್ರೆ ಕುಂತಿ ಮಾಡಿ, ನಿಮ್ಮತ್ರ ದುಡ್ಡೂ ಬ್ಯಾಡ. ದುರ್ಯೋಧನನ್ ಪಾರ್ಟ್ ಮಾತ್ರ ಕೇಳಬ್ಯಾಡಿ. ಊರೋರು ನಗಾಡ್ತರೆ.”

ಒಂದು ಕಂದಪದ್ಯ ಹಾಡಿ ತೋರಿಸುತ್ತೇನೆ, ಕೇಳಿದ ಮೇಲೆ ಬೇಡವೆನ್ನಿ ಎಂದೆ. ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆಯ ಮುಚ್ಚಳ ತೆಗೆಯಲಿಲ್ಲ. ಆ ಪಾತ್ರ ಕೊನೆಗೆ 35,000 ರೂಪಾಯಿಗೆ ಇನ್ನೊಬ್ಬರಿಗೆ ಹೋಯಿತು. ಅವರು ಕಷ್ಟಪಟ್ಟು ಕಲಿತರು, ಚೆನ್ನಾಗಿಯೇ ಮಾಡಿದರು. ನನ್ನ ದೂರು ಅವರ ಮೇಲಲ್ಲ. ಹಾಡು ಸರಿಯಿಲ್ಲ, ವಯಸ್ಸಾಯಿತು, ಗದೆ ಎತ್ತುವ ಶಕ್ತಿಯಿಲ್ಲ ಎಂದು ನನ್ನನ್ನು ಬಿಟ್ಟಿದ್ದರೆ ನಾನು ಒಪ್ಪಿಕೊಂಡು ಎದ್ದು ಬರುತ್ತಿದ್ದೆ. ಕೇಳದೆಯೇ ಬಿಟ್ಟರಲ್ಲ, ದೂರು ಅದರ ಮೇಲೆ.

ಈ ಮಾತನ್ನು ಬೇರೆ ಯಾವ ಸೀಮೆಯವರು ಹೇಳಿದ್ದರೂ ನನಗೆ ಇಷ್ಟು ನೋಯುತ್ತಿರಲಿಲ್ಲವೇನೋ. ಇದೇ ಮೈಸೂರಿನಲ್ಲಿ 1926ರಲ್ಲಿ, ಬಡತನದ ಮನೆಯೊಂದರಲ್ಲಿ, ಆರ್. ನಾಗರತ್ನಮ್ಮ ಹುಟ್ಟಿದರು. ಈ ವರ್ಷಕ್ಕೆ ನೂರು ತುಂಬಿತು. ಹೆಸರು ಹೇಳಿದ ಕೂಡಲೇ ಹಲವರು ಸಂಗೀತದ ಬೆಂಗಳೂರು ನಾಗರತ್ನಮ್ಮನವರನ್ನು ನೆನೆಯುತ್ತಾರೆ. ಅವರು ನಂಜನಗೂಡಿನಲ್ಲಿ ಹುಟ್ಟಿ, ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು, 1952ರಲ್ಲೇ ತೀರಿಕೊಂಡವರು. ನಾನು ಹೇಳುತ್ತಿರುವವರು ನಾಟಕದ ನಾಗರತ್ನಮ್ಮ. ಎಳವೆಯಲ್ಲೇ ಬಣ್ಣ ಹಚ್ಚಿ, ವೃತ್ತಿರಂಗಭೂಮಿಯಲ್ಲಿ ದುಡಿದು, 1958ರಲ್ಲಿ ಬೆಂಗಳೂರಿನಲ್ಲಿ ‘ಸ್ತ್ರೀ ನಾಟಕ ಮಂಡಳಿ’ಯನ್ನು ಕಟ್ಟಿದವರು. ಆ ಮಂಡಳಿಯಲ್ಲಿ ಇದ್ದವರೆಲ್ಲ ಹೆಂಗಸರು. ಕೃಷ್ಣನೂ ಹೆಂಗಸು, ಅರ್ಜುನನೂ ಹೆಂಗಸು. ನಾಗರತ್ನಮ್ಮನವರು ತಮಗಾಗಿ ಇಟ್ಟುಕೊಂಡದ್ದು ಸೀತೆ ಸಾವಿತ್ರಿಯರನ್ನಲ್ಲ. ಕಂಸ, ರಾವಣ, ದುರ್ಯೋಧನ, ಭೀಮರನ್ನು. ಅಂದರೆ ಗಂಡಸರೇ ಎದೆ ಸಾಲದೆ ಹಿಂಜರಿಯುವ ಪಾತ್ರಗಳನ್ನು. ಇಂದು ತಮ್ಮ ಹರಾಜಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆಗೆ ಹೋಗುವ ಪಾತ್ರಗಳೂ ಇವೇ ಎಂಬುದನ್ನು ದಯವಿಟ್ಟು ಗಮನಿಸಬೇಕು.

ನಾನು ಆ ಕಂಸನನ್ನು ನೋಡಿದ್ದೇನೆ. ಆಗ ನನಗೆ ಹತ್ತು ವರ್ಷ. ಅವ್ವ ನನ್ನನ್ನು ಎದುರು ಸಾಲಿನಲ್ಲಿ ಕೂರಿಸಿಕೊಂಡು, “ನೋಡ್ತಿರು, ಆವಮ್ಮ ಬತ್ತದೆ” ಎಂದು ಮೊದಲೇ ಹೇಳಿದ್ದರೂ, ಪರದೆ ಎದ್ದು ಮೀಸೆ ತಿರುವುತ್ತ ಬಂದ ದೊರೆಯಲ್ಲಿ ನನಗೆ ಯಾವ ‘ಆವಮ್ಮ’ನೂ ಕಾಣಲಿಲ್ಲ. ಹಿಂದೆ ಕುಳಿತಿದ್ದ ಇಬ್ಬರು ಗಂಡಸರು ನಾಟಕ ಮುಗಿಯುವವರೆಗೂ ಪಿಸುಮಾತಿನಲ್ಲಿ ವಾದ ಮಾಡುತ್ತಿದ್ದರು. ಒಬ್ಬ ಹೆಂಗಸೆಂದರೆ ಇನ್ನೊಬ್ಬ ಸಾಧ್ಯವೇ ಇಲ್ಲವೆನ್ನುತ್ತಿದ್ದ. ಕೊನೆಗೆ ಒಂದು ಕಾಫಿಗೆ ಪಂಥ ಕಟ್ಟಿಕೊಂಡರು. ನಕ್ಕವರು ಯಾರಾದರೂ ಇದ್ದರೆ ಅದು ನಗಿಸುವ ಸನ್ನಿವೇಶಗಳಲ್ಲಿ ಮಾತ್ರ. ಮನೆಗೆ ಬರುವಾಗ ಅವ್ವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮಾರನೆಯ ದಿನ ಒಲೆಯ ಮುಂದೆ ಕೂತು, ಸೌದೆ ಸರಿಮಾಡುತ್ತ, ಒಮ್ಮೆ ಮೆಲ್ಲಗೆ ಗಂಟಲು ದಪ್ಪ ಮಾಡಿಕೊಂಡು ಕಂಸನ ಮಾತೊಂದನ್ನು ಹೇಳಿದಳು. ನಾನು ನೋಡುತ್ತಿದ್ದೇನೆಂದು ತಿಳಿದು ನಿಲ್ಲಿಸಿದಳು.

ಅವ್ವನಿಗೆ ಆ ಪಾತ್ರಗಳು ಬರುತ್ತಿರಲಿಲ್ಲವೆಂದು ದಯವಿಟ್ಟು ಭಾವಿಸಬೇಡಿ. ಇಲ್ಲಿಯೇ ನಾನು ಒಂದು ಗುಟ್ಟನ್ನು ಹೇಳಬೇಕಾಗಿದೆ, ಇದು ತಮ್ಮಲ್ಲಿ ಅನುಭವಸ್ಥರಿಗೆಲ್ಲ ಗೊತ್ತಿರುವ ಗುಟ್ಟು. ವರ್ಷಕ್ಕೊಂದು ನಾಟಕ ಕಲಿಯುವ ಹವ್ಯಾಸಿ ಗಂಡಸರು ತಮ್ಮ ಪಾತ್ರವನ್ನು ಮಾತ್ರ ಕಲಿತಿರುತ್ತಾರೆ. ಒಂದು ಹಂಗಾಮಿನಲ್ಲಿ ಮದ್ದೂರು, ನಾಗಮಂಗಲ, ಕೆ.ಆರ್. ಪೇಟೆ, ಟಿ. ನರಸೀಪುರ ಎಂದು ಊರೂರು ಸುತ್ತಿ ಅದೇ ನಾಟಕವನ್ನು ಹತ್ತಾರು ಸಲ ಆಡುವ ನಟಿಗೆ ಇಡೀ ನಾಟಕವೇ ಬಾಯಿಪಾಠವಾಗಿರುತ್ತದೆ. ಸಾವಿರಾರು ರೂಪಾಯಿ ಕೊಟ್ಟು, ತೊಡೆಗೆ ಗದೆ ಆನಿಸಿ ನಿಂತ ದುರ್ಯೋಧನ ಮಾತು ಮರೆತು ಕಣ್ಣು ಬಿಡುವಾಗ, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಭಾನುಮತಿ ತುಟಿ ಅಲುಗಿಸದೆ ಮುಂದಿನ ಮಾತನ್ನು ಪಿಸುಗುಟ್ಟಿ, ಅವನು ಅದನ್ನು ಹಿಡಿದು ಗರ್ಜಿಸಿ, ಜನ ಒನ್ಸ್ ಮೋರ್ ಕೂಗಿದ್ದನ್ನು ನಾನು ಸೈಡ್ ವಿಂಗಿನಲ್ಲಿ ಮಂಡಿಯೂರಿ ಕೂತು ಎಷ್ಟೋ ರಾತ್ರಿ ಕೇಳಿದ್ದೇನೆ. ನೋಟಿನ ಹಾರ ಬಿದ್ದದ್ದು ದುರ್ಯೋಧನನ ಕೊರಳಿಗೆ. ಅವ್ವನಿಗೆ ಅದರಲ್ಲಿ ಅಸಮಾಧಾನವೇನೂ ಇರಲಿಲ್ಲ. “ಅವ್ರು ಕಟ್ಟಿರೋ ದುಡ್ಡಲ್ಲವಾ ನಮ್ಗೆ ಕೊಡೋದು” ಎನ್ನುತ್ತಿದ್ದಳು. ಅಸಮಾಧಾನ ನನ್ನದು. ನಾನು ದುರ್ಯೋಧನನ ಪದಗಳನ್ನು ಕಲಿತದ್ದು ಹೀಗೆ, ಅವ್ವನ ಪಿಸುಮಾತಿನಿಂದ.

ಊರವರು ನಗುತ್ತಾರೆ ಎಂಬ ಆಕ್ಷೇಪವನ್ನು ಸ್ವಲ್ಪ ಬಿಡಿಸಿ ನೋಡೋಣ. 1880ರ ದಶಕದಲ್ಲಿ ಅರಮನೆಯ ಆಶ್ರಯದಲ್ಲಿ ಚಾಮರಾಜೇಂದ್ರ ನಾಟಕ ಸಭಾ ಬೆಳೆದು, ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಶಾಕುಂತಲವನ್ನು ಮೈಸೂರಿನ ಜನ ನೋಡಿ ಮೆಚ್ಚಿದಾಗ, ಶಕುಂತಲೆಯಾಗಿ ರಂಗದ ಮೇಲೆ ಬರುತ್ತಿದ್ದದ್ದು ಗಂಡಸು. ನಟ ಎ.ವಿ. ವರದಾಚಾರ್ಯರ ರತ್ನಾವಳಿ ನಾಟಕ ಕಂಪನಿ ಈ ಊರಿನಲ್ಲಿ ಹೆಸರು ಮಾಡಿದ ಕಾಲಕ್ಕೂ ಸ್ತ್ರೀವೇಷ ಕಟ್ಟುತ್ತಿದ್ದವರು ಗಂಡಸರೇ. ಬಳೆ ತೊಟ್ಟು, ಜಡೆ ಇಳಿಬಿಟ್ಟು, ನಾಚಿ ನಿಂತ ಗಂಡಸನ್ನು ನೋಡಿ ನಮ್ಮ ಹಿರಿಯರು ನಗಲಿಲ್ಲ. ‘ಎಂಥ ಕಲೆ’ ಎಂದು ಕಣ್ಣೊರೆಸಿಕೊಂಡರು. ವರದಾಚಾರ್ಯರು ತೀರಿಕೊಂಡದ್ದು 1926ರಲ್ಲಿ, ನಾಗರತ್ನಮ್ಮ ಹುಟ್ಟಿದ ವರ್ಷವೇ. ಗಂಡು ಹೆಣ್ಣಾದರೆ ಕಲೆ, ಹೆಣ್ಣು ಗಂಡಾದರೆ ನಗೆಪಾಟಲು ಎಂಬ ಲೆಕ್ಕ ನನಗೆ ಅರ್ಥವಾಗಿಲ್ಲ. ಹಳಗನ್ನಡದ ಪದ್ಯಗಳನ್ನು ಅನ್ವಯ ಮಾಡಿ ಹೇಳುವುದು ನನ್ನ ಕಸುಬಾಗಿತ್ತು. ಈ ಲೆಕ್ಕಕ್ಕೆ ಮಾತ್ರ ಯಾವ ಅನ್ವಯವೂ ಕೂಡಿಬರಲಿಲ್ಲ.

ಎರಡನೆಯ ಆಕ್ಷೇಪ ಶ್ರುತಿಯದು. ಹೆಂಗಸರ ಶ್ರುತಿಗೆ ಪೆಟ್ಟಿಗೆ ಹಿಡಿದರೆ ಉಳಿದ ಗಂಡಸರಿಗೆ ಹಾಡಲಾಗುವುದಿಲ್ಲವೆಂದು ಮೇಷ್ಟ್ರೊಬ್ಬರು ನನಗೆ ಆಮೇಲೆ ಹೇಳಿದರು. ಇದು ಗೌರವಿಸಬೇಕಾದ ಮಾತು, ಏಕೆಂದರೆ ಇದು ಕಸುಬಿನ ಮಾತು. ಆದರೆ ದ್ರೌಪದಿ ಹಾಡುವಾಗ ತಾವು ಶ್ರುತಿ ಬದಲಿಸುವುದಿಲ್ಲವೇ? ಕೃಷ್ಣನಿಗೊಂದು, ಕರ್ಣನಿಗೊಂದು ಶ್ರುತಿಯ ಮನೆ ಹಿಡಿಯುವುದಿಲ್ಲವೇ? ಮೈಕು ಇಲ್ಲದ ಕಾಲದಲ್ಲಿ ಕಂಪನಿ ನಾಟಕದ ಗಂಡಸರು ಕೊನೆಯ ಸಾಲಿನವರೆಗೂ ಕೇಳಲೆಂದು ಹಾಡುತ್ತಿದ್ದ ಏರುಶ್ರುತಿ ಇಂದಿನ ಗಂಡಸರಿಗಿಂತ ಹೆಂಗಸರ ಕಂಠಕ್ಕೇ ಹತ್ತಿರ. ವೀರರಸ ಇರುವುದು ಶ್ರುತಿಯ ಇಳಿತದಲ್ಲಲ್ಲ, ಅಕ್ಷರದ ಒತ್ತಿನಲ್ಲಿ. ಇದನ್ನು ತಮಗೆ ಹೇಳಿಕೊಡುವಷ್ಟು ನಾನು ದೊಡ್ಡವಳಲ್ಲ, ನೆನಪಿಸುತ್ತಿದ್ದೇನೆ ಅಷ್ಟೆ.

ಮೂರನೆಯದು, ತಿಂಗಳುಗಟ್ಟಲೆ ರಾತ್ರಿ ಹೊತ್ತು ನಡೆಯುವ ತಾಲೀಮಿಗೆ ಹೆಂಗಸರು ಬರುವುದು ಹೇಗೆ ಎಂಬುದು. ನಾಟಕದ ದಿನ ಕೊನೆಯ ಬಸ್ಸಿನಲ್ಲಿ ಬಂದಿಳಿದು, ಶಾಲೆಯ ಕೊಠಡಿಯಲ್ಲಿ ಬಣ್ಣ ಹಚ್ಚಿಕೊಂಡು, ಬೆಳಗಿನ ಜಾವ ಊರುಭಂಗ ಮುಗಿದ ಮೇಲೆ ದುಡ್ಡಿಗಾಗಿ ಕಾದು ನಿಂತು, ಮೊದಲ ಬಸ್ಸಿಗೆ ವಾಪಸು ಹೋಗುವ ನಟಿಯ ಬಗ್ಗೆ ಯಾರೂ ಈ ಪ್ರಶ್ನೆ ಕೇಳಿದ್ದನ್ನು ನಾನು ಕಾಣೆ.

ಹೆಸರಿನ ವಿಷಯಕ್ಕೆ ಬರುತ್ತೇನೆ. ಅವ್ವ ತೀರಿಕೊಂಡ ಮೇಲೆ ಅವಳ ತಗಡಿನ ಪೆಟ್ಟಿಗೆಯಲ್ಲಿ ಕಿವಿಯೋಲೆ, ಸವೆದ ಗೆಜ್ಜೆ, ಬಣ್ಣದ ಡಬ್ಬಿಗಳ ಕೆಳಗೆ 63 ಕರಪತ್ರಗಳು ಸಿಕ್ಕವು. ಅವುಗಳನ್ನು ಒಂದೊಂದಾಗಿ ಓದಿದ್ದೇನೆ. ದುರ್ಯೋಧನ ಯಾರು, ಅವರ ತಂದೆ ಯಾರು, ಯಾವ ಊರಿನ ಯಾವ ಮನೆತನ, ಎಲ್ಲವೂ ಇದೆ. ಸೀನರಿಯವರ ಹೆಸರಿದೆ, ಮೈಕಿನವರ ಹೆಸರಿದೆ, ಕರಪತ್ರಕ್ಕೆ ದುಡ್ಡು ಕೊಟ್ಟ ಗೊಬ್ಬರದ ಅಂಗಡಿಯವರ ಹೆಸರಿದೆ. ಅವ್ವನ ಹೆಸರಿರುವುದು 19ರಲ್ಲಿ. ಉಳಿದವುಗಳ ಕೆಳತುದಿಯಲ್ಲಿ ‘ಸ್ತ್ರೀ ಪಾತ್ರಗಳಲ್ಲಿ ನುರಿತ ಕಲಾವಿದೆಯರು’ ಎಂದಷ್ಟೇ ಇದೆ. ಅವ್ವ ಬದುಕಿದ್ದಾಗ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದ್ದಳು; ಆಗ, ರಂಗಸೇವೆಗೆ ದಾಖಲೆ ಎಲ್ಲಿ ಎಂದು ಕಚೇರಿಯೊಂದರಲ್ಲಿ ಕೇಳಿದರು. ಅವ್ವ ಹೆಸರಿದ್ದ ಕರಪತ್ರಗಳನ್ನು ಮೇಜಿನ ಮೇಲೆ ಹರಡಿದಳು. ಇವು ಸಾಲವು, ನಡುವೆ ಇಷ್ಟು ವರ್ಷ ಖಾಲಿ ಇದೆಯಲ್ಲ ಎಂದರು. ಖಾಲಿ ಇದ್ದ ವರ್ಷಗಳಲ್ಲೇ ಅವಳು ಅತಿ ಹೆಚ್ಚು ನಾಟಕ ಆಡಿದ್ದು. ಅವಳು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಆ ಗುಮಾಸ್ತರನ್ನು ನಾನು ಬೈಯಲಾರೆ. ಅವರ ಮುಂದೆ ಇದ್ದ ಕಾಗದದಲ್ಲಿ ನಿಜವಾಗಿಯೂ ಅವಳ ಹೆಸರಿರಲಿಲ್ಲ. ಹೆಸರು ಬಿಟ್ಟವರು ಕರಪತ್ರ ಅಚ್ಚು ಹಾಕಿಸಿದವರು.

ನಾಗರತ್ನಮ್ಮನವರು ಏಕೆ ಸ್ವಂತ ಮಂಡಳಿ ಕಟ್ಟಿದರು ಎಂಬುದಕ್ಕೆ ನಾನು ಬೇರೆ ಕಾರಣ ಹುಡುಕಹೋಗುವುದಿಲ್ಲ. ಪೆಟ್ಟಿಗೆಯಲ್ಲಿದ್ದ, ಅವ್ವನ ಹೆಸರಿಲ್ಲದ ಆ 44 ಕರಪತ್ರಗಳೇ ನನಗೆ ಸಾಕಾದ ಉತ್ತರ. ಸ್ತ್ರೀ ನಾಟಕ ಮಂಡಳಿಯ ನಾಟಕದಲ್ಲಿ ನಟಿಯರನ್ನು ಕೊನೆಯ ಸಾಲಿಗೆ ತಳ್ಳುವುದು ಸಾಧ್ಯವೇ ಇರಲಿಲ್ಲ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಅವರೇ ಇದ್ದರು. ಆದರೆ ಮಂಡಳಿ ಕಟ್ಟುವುದೆಂದರೆ ಪಾತ್ರ ಮಾಡಿದಷ್ಟು ಸುಲಭವಲ್ಲ. ಕಂಸನಾಗಿ ರಂಗದ ಮೇಲೆ ಮೆರೆದವರೇ ಹತ್ತಾರು ಹೆಣ್ಣುಮಕ್ಕಳ ಪ್ರಯಾಣ, ಊಟ, ವಸತಿ, ಸಂಬಳ, ಮರ್ಯಾದೆಗಳ ಹೊಣೆಯನ್ನೂ ಹೊರಬೇಕಾಗುತ್ತದೆ. ಅದನ್ನು ಅವರು ಹೊತ್ತರು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು, ರಾಜ್ಯ ಸರ್ಕಾರದ ಗುಬ್ಬಿ ವೀರಣ್ಣ ಪ್ರಶಸ್ತಿ ಬಂತು. ಪದ್ಮಶ್ರೀ ಬಂದದ್ದು 2012ರಲ್ಲಿ, ಮಂಡಳಿ ಕಟ್ಟಿದ 54 ವರ್ಷಗಳ ನಂತರ. ಅದೇ ವರ್ಷ ಅಕ್ಟೋಬರ್ 6ರಂದು ಅವರು ತೀರಿಕೊಂಡರು. ಎಲ್ಲ ಹೆಂಗಸರೂ ಸ್ವಂತ ಮಂಡಳಿ ಕಟ್ಟಲಿ ಎನ್ನುವುದು ಸುಲಭ. ಇರುವ ಸಂಘಗಳ ಬಾಗಿಲು ತೆರೆದಿದ್ದರೆ ಅಷ್ಟು ಕಷ್ಟದ ಅಗತ್ಯವೇನು?

ಆದ್ದರಿಂದ ನಾಟಕ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ಕೋರಿಕೆ ಇದು. ಪಾತ್ರ ಹಂಚುವಾಗ ಹಾಡು ಕೇಳಿ, ಮಾತು ಕೇಳಿ, ದುಡ್ಡಿನ ಲೆಕ್ಕ ಬೇಕಾದರೆ ಅದನ್ನೂ ಕೇಳಿ. ಗಂಡೋ ಹೆಣ್ಣೋ ಎಂಬುದೊಂದೇ ಕಾರಣಕ್ಕೆ ಯಾರನ್ನೂ ಎಬ್ಬಿಸಿ ಕಳುಹಿಸಬೇಡಿ. ನಾನು ಮೀಸಲಾತಿ ಕೇಳುತ್ತಿಲ್ಲ. ಚೆನ್ನಾಗಿ ಮಾಡದ ಹೆಂಗಸಿಗೆ ದುರ್ಯೋಧನನನ್ನು ಕೊಟ್ಟರೆ ದುರ್ಯೋಧನನಿಗೂ ಅನ್ಯಾಯ. ಕರೆಸಿಕೊಳ್ಳುವ ನಟಿಯರ ಹೆಸರು, ಊರು, ಮಾಡುವ ಪಾತ್ರ, ಇವನ್ನು ಕರಪತ್ರದಲ್ಲಿ ಉಳಿದವರಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಇದಕ್ಕೆ ಒಂದು ಸಾಲಿನ ಜಾಗ ಸಾಕು, ಹೆಚ್ಚಿನ ಖರ್ಚಿಲ್ಲ.

ಧನಸಹಾಯ ಮಂಜೂರು ಮಾಡುವ ಅಧಿಕಾರಿಗಳಲ್ಲಿ ಕೇಳಿಕೊಳ್ಳುವುದು ಇನ್ನೂ ಸರಳವಾದದ್ದು. ಸರ್ಕಾರದ ಹಣ ಪಡೆದ ಪ್ರತಿ ನಾಟಕಕ್ಕೂ ಪಾತ್ರಸಹಿತವಾದ ಪೂರ್ಣ ಕಲಾವಿದರ ಪಟ್ಟಿಯನ್ನು, ನಟಿಯರ ಸಹಿಯೊಂದಿಗೆ, ಕಡತದಲ್ಲಿ ಇರಿಸಿಕೊಳ್ಳಿ. ಹತ್ತು ಹದಿನೈದು ವರ್ಷದ ನಂತರ ಅವರಲ್ಲಿ ಒಬ್ಬಳು ಮಾಸಾಶನದ ಅರ್ಜಿ ಹಿಡಿದು ಬಂದಾಗ, ದಾಖಲೆ ತಮ್ಮ ಕಪಾಟಿನಲ್ಲೇ ಇರುತ್ತದೆ. ಈಗಾಗಲೇ ವಯಸ್ಸಾಗಿರುವ, ಕರಪತ್ರದಲ್ಲಿ ಹೆಸರಿಲ್ಲದ ನಟಿಯರ ವಿಷಯದಲ್ಲಿ ಹಾರ್ಮೋನಿಯಂ ಮೇಷ್ಟ್ರು ಅಥವಾ ಸೀನರಿಯವರು ಬರೆದುಕೊಡುವ ಪತ್ರವನ್ನು ದಾಖಲೆಯೆಂದು ಒಪ್ಪಿಕೊಳ್ಳಿ. ಯಾವ ನಟಿ ಎಷ್ಟು ವರ್ಷ ಆಡಿದಳೆಂಬುದು ಇವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಇನ್ನು ಶತಮಾನದ ವಿಷಯ. ಭಾವಚಿತ್ರಕ್ಕೆ ಹಾರ, ಎರಡು ಭಾಷಣ, ಒಂದು ಶಾಲು, ಇಷ್ಟರಲ್ಲಿ ನಾಗರತ್ನಮ್ಮನವರನ್ನು ಮುಗಿಸಬೇಡಿ ಎಂದು ವಿನಂತಿ. ದಿವಾನ್ ರಂಗಾಚಾರ್ಲು ಅವರ ನೆನಪಿಗೆ ಕಟ್ಟಿದ ಪುರಭವನ ಈ ಊರಿನ ಪೌರಾಣಿಕ ನಾಟಕಗಳ ಮನೆಯಂತೆ ಇದೆ. ಅಲ್ಲಿ ಒಂದು ರಾತ್ರಿಯನ್ನು ನಮಗೆ ಬಿಟ್ಟುಕೊಡಿ. ಎಲ್ಲ ಪಾತ್ರಗಳನ್ನೂ ಹೆಂಗಸರೇ ಮಾಡುವ ಕುರುಕ್ಷೇತ್ರವನ್ನು ನಾವು ಆಡುತ್ತೇವೆ. ಕೃಷ್ಣನಿಗೆ ಮದ್ದೂರು ಕಡೆಯ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಒಪ್ಪಿದ್ದಾರೆ. ಶಕುನಿಗೆ ಬ್ಯಾಂಕಿನಿಂದ ನಿವೃತ್ತರಾದ ನನ್ನ ಗೆಳತಿಯೊಬ್ಬರು ಈಗಾಗಲೇ ದಾಳ ಉರುಳಿಸುವುದನ್ನು ಕಲಿಯುತ್ತಿದ್ದಾರೆ. ಅವ್ವನ ಜೊತೆ ಆಡುತ್ತಿದ್ದ ಇಬ್ಬರು ಹಿರಿಯ ನಟಿಯರು, ಒಬ್ಬರಿಗೆ 71, ಇನ್ನೊಬ್ಬರಿಗೆ 68, ಭೀಷ್ಮ ದ್ರೋಣರಾಗಲು ಸಿದ್ಧರಿದ್ದಾರೆ. ಅಂದು ಪೆಟ್ಟಿಗೆಯ ಮುಚ್ಚಳ ತೆಗೆಯದ ಮೇಷ್ಟ್ರೇ ಮೊನ್ನೆ ಫೋನು ಮಾಡಿ, ತಾಲೀಮು ಯಾವಾಗಿನಿಂದ ಎಂದು ಕೇಳಿದರು. ಕರ್ಣನ ಪಾತ್ರ ಇನ್ನೂ ಖಾಲಿ ಇದೆ. ದುರ್ಯೋಧನನ ಬಾಬ್ತು 40,000 ರೂಪಾಯಿಯನ್ನು ನಾನು ತೆಗೆದಿರಿಸಿದ್ದೇನೆ. ಯಾವ ದಿನಾಂಕ ಖಾಲಿ ಇದೆ ಎಂಬುದನ್ನು ತಿಳಿಸಿದರೆ ಮುಂಗಡ ಕಟ್ಟುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ,
ಮೈಸೂರು